ಕೆಂಪಣ್ಣನನ್ನು ಕರೆದ ಮಾದಪ್ಪ

ತಾಲ್ಲೂಕು ಕಚೇರಿಯ ಜಗಲಿಯ ಮೇಲೆ ನಿಂತು ಮಾದಪ್ಪ ಹೆಸರು ಕರೆದರೆ, ಕಪಿಲೆಯಲ್ಲಿ ಮುಳುಗು ಹಾಕುತ್ತಿದ್ದವನು ತಲೆ ಎತ್ತಿ "ಬಂದೆ ಬುದ್ಧೀ" ಎನ್ನುತ್ತಿದ್ದ ಎಂದು ನಂಜನಗೂಡಿನಲ್ಲಿ ಹೇಳುತ್ತಿದ್ದರು. ಮಾತು ಸ್ವಲ್ಪ ಉಬ್ಬಿಸಿದ್ದಿರಬಹುದು. ಆದರೆ ಅಮಲ್ದಾರರ ಮುಂದೆ ವಿಚಾರಣೆಗೆ ಬರಬೇಕಾಗಿದ್ದ ಮುದುಕನೊಬ್ಬ ಸ್ನಾನಘಟ್ಟದಿಂದ ಒದ್ದೆ ಪಂಚೆಯಲ್ಲೇ ಓಡಿ ಬಂದು, ಕಟಕಟೆಯಲ್ಲಿ ನೀರು ತೊಟ್ಟಿಕ್ಕಿಸುತ್ತ ನಿಂತದ್ದನ್ನು ನಾನೇ ಕಂಡಿದ್ದೇನೆ. ಅಮಲ್ದಾರರು ಮುದುಕನನ್ನು ನೋಡಿ, ಮಾದಪ್ಪನನ್ನು ನೋಡಿ, "ಸ್ವಲ್ಪ ಮೆಲ್ಲಗೆ ಕರೆಯಯ್ಯಾ, ಜನ ಮೈ ಒರೆಸಿಕೊಂಡಾದರೂ ಬರಲಿ" ಎಂದರು. ಮಾದಪ್ಪ ಅದನ್ನು ಬಹುಮಾನವೆಂದೇ ತಿಳಿದ.

ಮಾದಪ್ಪ ನಮ್ಮ ಕಚೇರಿಯ ದಲಾಯತ, ಎಂದರೆ ಜವಾನ. ಆಳು ಕುಳ್ಳು, ಎದೆಯೂ ಕಿರಿದು. ಆ ಎದೆಯ ಮೇಲೆ ಅಡ್ಡಲಾಗಿ ಕೆಂಪು ಪಟ್ಟಿ, ಪಟ್ಟಿಯ ನಡುವೆ ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಅಕ್ಷರವೆಲ್ಲ ಸವೆದುಹೋಗಿದ್ದ ಹಿತ್ತಾಳೆಯ ಬಿಲ್ಲೆ. ಬಾಯಲ್ಲಿ ಯಾವಾಗಲೂ ಕಡ್ಡಿಪುಡಿ. ಕೂಗುವ ಮುಂಚೆ ಜಗಲಿಯ ತುದಿಗೆ ಹೋಗಿ ಉಗಿದು, ಬಾಯೊರೆಸಿಕೊಂಡು, ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಹಿಮ್ಮಡಿ ಎತ್ತಿ ನಿಲ್ಲುತ್ತಿದ್ದ. ಒಬ್ಬೊಬ್ಬರ ಹೆಸರನ್ನೂ ಮೂರು ಸಲ ಕರೆಯಬೇಕೆಂಬುದು ಕಾಯಿದೆ. ಎರಡನೆಯ ಸಲ ಕರೆಯಬೇಕಾಗಿ ಬಂದರೆ ಅವನಿಗೆ ಅವಮಾನವಾಗುತ್ತಿತ್ತು.

ಅವನಿಗೆ ಓದು ಬರುತ್ತಿರಲಿಲ್ಲ. ಗುಮಾಸ್ತನಾಗಿದ್ದ ನಾನು ಪಕ್ಕದಲ್ಲಿ ನಿಂತು ಕಕ್ಷಿಗಾರರ ಹೆಸರನ್ನು ಅವನ ಕಿವಿಗೆ ಹೇಳಬೇಕು, ಅವನು ಅದನ್ನು ಊರಿಗೆ ಹೇಳಬೇಕು. "ನೀವು ಬಿತ್ತ ಕೊಡಿ ಸ್ವಾಮಿ, ಮರ ಮಾಡದು ನಂಗ್ ಬುಡಿ" ಎನ್ನುತ್ತಿದ್ದ. ಹೀಗೆ ನಾವಿಬ್ಬರೂ ಒಂದೇ ನೊಗಕ್ಕೆ ಬಿದ್ದವರು. ಮನೆಯಲ್ಲಿ ಮಾತ್ರ ಅವನದು ಪಿಸುಮಾತು. ಒಮ್ಮೆ ಅವರ ಮನೆಗೆ ಹೋಗಿದ್ದಾಗ, ಅವನು ಹೆಂಡತಿಯನ್ನು ನೀರು ಕೇಳಿದ್ದು ಎದುರಿಗೆ ಕೂತ ನನಗೇ ಕೇಳಿಸಲಿಲ್ಲ. ಆಕೆ ನಂಜಮ್ಮ, ನಗುತ್ತ, "ಎಲ್ಲಾನೂ ಕಚೇರೀಲೇ ಕರ್ಚು ಮಾಡ್ಬುಟ್ಟು ಬತ್ತಾರೆ, ನಂಗೇನೂ ಉಳ್ಸಕ್ಕಿಲ್ಲ" ಎಂದಳು.

ನಮ್ಮೂರಿಗೆ ಫುಟ್‌ಬಾಲ್ ತಂದವರು ಡ್ರಿಲ್ ಮೇಷ್ಟ್ರು ಶೇಷಗಿರಿ. ಮೈಸೂರಿನಲ್ಲಿ ಓದುವಾಗ ಕಲಿತು ಬಂದಿದ್ದರು. ರೈಲ್ವೆ ನಿಲ್ದಾಣದ ಆಚೆಯ ಬಯಲಿನಲ್ಲಿ ಬೊಂಬು ನೆಟ್ಟು, ಸಿಕ್ಕಿದವರನ್ನೆಲ್ಲ ಸೇರಿಸಿ ಒಂದು ತಂಡ ಕಟ್ಟಿದರು. ಬರಿಗಾಲಿನ ಆಟ. ನಾನು ಹಿಂದೆ ನಿಂತು ತಡೆಯುವವರಲ್ಲಿ ಒಬ್ಬ. ಗೋಲಿನಲ್ಲಿ ನಿಲ್ಲುತ್ತಿದ್ದವನು ದೇವರಸನಹಳ್ಳಿಯ ಕೆಂಪಣ್ಣ. ರಸಬಾಳೆಯ ತೋಟದವನು, ಗರಡಿಯ ಮಣ್ಣಿನಲ್ಲಿ ಹೊರಳಿ ಬೆಳೆದ ಮೈ. ಎತ್ತರ ಎಂದರೆ, ನಮ್ಮ ಗೋಲಿನ ಅಡ್ಡ ಬೊಂಬಿಗೆ ಅವನು ನಿಂತಲ್ಲಿಂದಲೇ ಕೈ ಹಾಕಿ ಟವೆಲು ಒಣಗಿಸುತ್ತಿದ್ದ. ಮಾತು ಬಹಳ ಕಡಿಮೆ. ಗೆದ್ದರೂ ಸೋತರೂ ತೋಟದಿಂದ ತಂದ ಬಾಳೆಯ ಚಿಪ್ಪನ್ನು ಎಲ್ಲರ ನಡುವೆ ಇಟ್ಟು, ತಾನು ದೂರ ಕೂತು ತಿನ್ನುತ್ತಿದ್ದ.

ಮೊದಲ ದಿನದಿಂದಲೇ ಮಾದಪ್ಪನಿಗೆ ಆ ಆಟದ ಹುಚ್ಚು ಹಿಡಿಯಿತು. ಆಟ ಅರ್ಥವಾಗಿ ಹಿಡಿದ ಹುಚ್ಚಲ್ಲ. ಆಫ್‌ಸೈಡ್ ಎಂಬುದನ್ನು ಶೇಷಗಿರಿ ಮೇಷ್ಟ್ರು ಅವನಿಗೆ ಕಡ್ಡಿ ನೆಟ್ಟು, ಕಲ್ಲು ಜೋಡಿಸಿ ವಿವರಿಸಿದ್ದರು. ಎಲ್ಲ ಕೇಳಿಸಿಕೊಂಡು, "ಅಂದ್ರೆ, ಮುಂದಕ್ಕೆ ಓಗಿ ನಿಂತದ್ದೇ ತಪ್ಪು ಅಂತೀರಾ ಮೇಷ್ಟ್ರೇ?" ಎಂದ.

"ಚೆಂಡಿಗಿಂತ ಮುಂದೆ ಹೋಗಿ ನಿಂತರೆ ತಪ್ಪು ಕಣಯ್ಯಾ."

"ಮುಂದಕ್ಕೆ ಓದೋನ್ಗೆ ದಂಡ ಆಕೋ ಕಾನೂನು ನಮ್ ಕಚೇರೀಲೂ ಇಲ್ವಲ್ಲಪ್ಪ" ಎಂದು ಮಾದಪ್ಪ ಎದ್ದು ಹೋದ. ಆಮೇಲೆ ಯಾರು ಎಷ್ಟು ಹೇಳಿದರೂ ಆಫ್‌ಸೈಡನ್ನು ಅವನು ಒಪ್ಪಲೇ ಇಲ್ಲ.

ಅವನಿಗೆ ಇನ್ನೊಂದು ಅಭ್ಯಾಸವಿತ್ತು. ನೋಡಲಾಗದಂಥ ಗಳಿಗೆ ಬಂದರೆ ಬಯಲಿಗೆ ಬೆನ್ನು ಹಾಕಿ ನಿಂತುಬಿಡುತ್ತಿದ್ದ. ಚೆಂಡು ನಮ್ಮ ಗೋಲಿನ ಹತ್ತಿರ ಬಂತೆಂದರೆ, ಅಥವಾ ನಮ್ಮವರು ಅವರ ಗೋಲಿಗೆ ಒದೆಯುವವರಿದ್ದಾರೆಂದರೆ, ತಿರುಗಿ ನಿಂತು ಮರವನ್ನೋ ಮೋಡವನ್ನೋ ದಿಟ್ಟಿಸುತ್ತ, "ಏನಾಯ್ತು? ಯೋಳ್ರೋ, ಏನಾಯ್ತು?" ಎಂದು ಪಕ್ಕದವರನ್ನು ಕೇಳುತ್ತಿದ್ದ. ಉಳಿದ ಹೊತ್ತೆಲ್ಲ ಕೂಗು. ಎಡಕ್ಕೆ ಕೊಡು, ಬಲಕ್ಕೆ ಕೊಡು, ಒದಿ, ಬಿಡು, ಹಿಡಿ. ನಾವು ಯಾರೂ ಅದಕ್ಕೆ ಕಿವಿಗೊಡುತ್ತಿರಲಿಲ್ಲ. ಅವನಿಗದು ಗೊತ್ತಿತ್ತು. "ಏನ್ ಮಾಡನ ಸ್ವಾಮಿ, ದಡದಲ್ಲಿ ನಿಂತೋನ್ಗೆ ಬಾಯ್ ಒಂದು ಬುಟ್ರೆ ಇನ್ನೇನೈತೆ?" ಎಂದಿದ್ದ ಒಂದು ಸಲ. ಆಗ ನಾನು ನಕ್ಕಿದ್ದೆ.

ಯುರೋಪಿನಲ್ಲಿ ಯುದ್ಧ ನಡೆಯುತ್ತಿದ್ದ ಕಾಲ. ಮೈಸೂರಿನ ವಕೀಲರೊಬ್ಬರು ತಮ್ಮ ತಂದೆಯ ನೆನಪಿಗೆಂದು ಸುತ್ತಿನ ಊರುಗಳ ತಂಡಗಳಿಗೆ ಒಂದು ಬೆಳ್ಳಿ ಕಪ್ಪು ಇಟ್ಟಿದ್ದರು. ಆ ಸಲ ಕೊನೆಯ ಆಟಕ್ಕೆ ಉಳಿದದ್ದು ನಾವು ಮತ್ತು ತಿರುಮಕೂಡಲು ನರಸೀಪುರದವರು. ಆಟ ಅವರ ಊರಿನಲ್ಲಿ, ಹೊಳೆಯ ಪಕ್ಕದ ಬಯಲಿನಲ್ಲಿ. ಒಂದು ಷರತ್ತಿತ್ತು. ಆಟ ಸಮವಾದರೆ ಮತ್ತೆ ಆಡಿಸುವುದಿಲ್ಲ. ಕಪ್ಪು ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ.

ನಾಲ್ಕಾರು ಎತ್ತಿನ ಗಾಡಿಗಳಲ್ಲಿ ಹಿಂದಿನ ದಿನವೇ ಹೊರಟೆವು. ದಾರಿಯುದ್ದಕ್ಕೂ ಮಾದಪ್ಪ ಆ ಷರತ್ತನ್ನೇ ಅಗಿಯುತ್ತಿದ್ದ.

"ಅರ್ಧ ವರ್ಸ ಅಂದ್ರೆ ಅದೇನ್ ಸ್ವಾಮಿ? ಎಮ್ಮೆ ಪಾಲಿಗೆ ಕೊಟ್ಟಂಗೆ ಆಯ್ತಲ್ಲ. ನಮ್ಮೂರ್ ಒಳೆ ಅರ್ದು ಓಗದು ಅವರೂರ್ಗೇ. ನಮ್ ನೀರ್ ಕುಡ್ದು ಬೆಳ್ದವ್ರೆ. ಕಪ್ಪ ಒಂದ ಇಡಿಯಾಗಿ ಕೊಡಕ್ಕೆ ಏನಂತೆ ಅವ್ರ್ಗೆ?"

"ಅರ್ಧವಾದರೂ ಬರಲಿ ಬಿಡು ಮಾದಪ್ಪ" ಎಂದೆ.

"ಅಂಗನ್ನಬ್ಯಾಡಿ. ಅರ್ಧ ಸಾಕು ಅಂದೋನ್ಗೆ ಅರ್ಧಾನೂ ಸಿಕ್ಕಕ್ಕಿಲ್ಲ."

ಮುಂದಿನ ಗಾಡಿಯಲ್ಲಿದ್ದ ಕೆಂಪಣ್ಣ ತಿರುಗಿ ನೋಡಿ ನಕ್ಕ. ಅಷ್ಟೇ ಅವನ ಮಾತು.

ಆಟ ಚೆನ್ನಾಗಿಯೇ ನಡೆಯಿತು. ಅವರು ಒಂದು ಹಾಕಿದರು, ನಾವು ಒಂದು ಹಾಕಿದೆವು. ಹೊತ್ತು ಇಳಿಯುತ್ತ ಬಂದಂತೆ ಎರಡೂ ಕಡೆಯವರಿಗೆ ಕಾಲು ಸೋತು, ಸಮವಾದರೆ ಸಾಕಪ್ಪ ಎನ್ನುವ ಹಾಗಾಗಿತ್ತು. ಮೈಸೂರಿನಿಂದ ಬಂದಿದ್ದ ರೆಫರಿ ಜೇಬಿನಿಂದ ಗಡಿಯಾರ ತೆಗೆದು ನೋಡಿದರು. ಆಗ ನಮಗೊಂದು ಕಾರ್ನರ್ ಸಿಕ್ಕಿತು. ಒದೆಯಲು ಶೇಷಗಿರಿ ಮೇಷ್ಟ್ರೇ ಮೂಲೆಗೆ ಹೋದರು. ನಮ್ಮವರೆಲ್ಲ ಅವರ ಗೋಲಿನ ಮುಂದೆ ಕಲೆತರು. ನಡುಗೆರೆಯಲ್ಲಿ ಉಳಿದವನು ನಾನು. ನನ್ನ ಪಕ್ಕದಲ್ಲಿ ನರಸೀಪುರದ ಒಬ್ಬನೇ ಒಬ್ಬ ಆಳು, ದೋಣಿ ನಡೆಸುವ ನಿಂಗಯ್ಯ, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಹಿಂದೆ ದೂರದಲ್ಲಿ ನಮ್ಮ ಗೋಲು, ಗೋಲಿನಲ್ಲಿ ಕೆಂಪಣ್ಣ.

ಆಗ ಆ ಕೂಗು ಬಂತು.

"ದೇವರಸನಳ್ಳಿ ಕೆಂಪಣ್ಣಾ! ದೇವರಸನಳ್ಳಿ ಕೆಂಪಣ್ಣಾ! ದೇವರಸನಳ್ಳಿ ಕೆಂಪಣ್ಣಾ ಆಜರಾಗ್ಬೇಕೋ!"

ಕಚೇರಿಯ ಕೂಗೇ. ಬಯಲಿನ ಗದ್ದಲವೆಲ್ಲ ಒಂದು ಕ್ಷಣ ಅಡಗಿತು. ನಗುವವರು ನಕ್ಕರು. ಆದರೆ ನನ್ನ ಹಿಂದಿನಿಂದ ದಪದಪನೆ ಹೆಜ್ಜೆಯ ಸದ್ದು ಕೇಳಿ ತಿರುಗಿದರೆ, ಕೆಂಪಣ್ಣ ಗೋಲು ಬಿಟ್ಟು ಓಡಿ ಬರುತ್ತಿದ್ದಾನೆ. ಅದೇ ಹೊತ್ತಿಗೆ ಮೂಲೆಯಲ್ಲಿ ಶೇಷಗಿರಿ ಮೇಷ್ಟ್ರ ಕೈ ಮೇಲೆ ಹೋದದ್ದನ್ನೂ ಕಂಡೆ. "ಕೆಂಪಣ್ಣ, ಬೇಡವೋ!" ಎಂದೆ. ಅವನು ನನ್ನನ್ನು ದಾಟಿ ಹೋದ.

ಚೆಂಡು ಎದ್ದು ಬಂತು. ಅಷ್ಟು ತಲೆಗಳ ಮೇಲೆ ಒಂದೇ ತಲೆ ಎದ್ದಿತು, ಕೆಂಪಣ್ಣನದು. ಅವನ ಹಣೆಗೆ ಚೆಂಡು ಬಡಿದ ಸದ್ದು ನಡುಗೆರೆಗೂ ಕೇಳಿಸಿತು. ಚೆಂಡು ಅಡ್ಡ ಬೊಂಬಿಗೆ ತಾಗಿತು. ಬೊಂಬು ಅದುರಿತು. ಚೆಂಡು ಈಚೆಗೆ ಬಿದ್ದದ್ದೇ ತಡ, ಅವರ ಕಡೆಯ ಯಾರೋ ಕಣ್ಣು ಮುಚ್ಚಿ ಒದ್ದ. ಅದು ನನ್ನ ತಲೆಯ ಮೇಲಿಂದ ಹಾರಿ, ನಿಂಗಯ್ಯನ ಮುಂದೆ ಬಿತ್ತು.

ಆಮೇಲಿನದನ್ನು ಹೇಳುವುದಕ್ಕೆ ಹೆಚ್ಚೇನೂ ಇಲ್ಲ. ನಿಂಗಯ್ಯ ಓಡಿದ, ನಾನು ಅವನ ಹಿಂದೆ ಓಡಿದೆ. ನಾನು ಊರಿನಲ್ಲಿ ನಿಧಾನದವನೇನಲ್ಲ. ಆದರೆ ಹೊಳೆಯ ಮರಳಿನಲ್ಲಿ ದಿನಾ ಓಡಾಡುವ ಕಾಲು ಅವನದು. ಅವನ ಬೆನ್ನಿನ ಮೇಲೆ ಬೆವರು ಇಳಿಯುವುದು ಕಾಣುತ್ತಿತ್ತು, ಕೈ ಚಾಚಿದರೆ ಸಿಗುವಷ್ಟು ಹತ್ತಿರ ಒಂದು ಸಲ ಬಂದೆ ಕೂಡ, ಅಷ್ಟರಲ್ಲಿ ಮತ್ತೆ ದೂರವಾದ. ಎದುರಿಗೆ ಯಾರೂ ಇಲ್ಲದ ಗೋಲು. ಅವನು ಒದೆಯಲೂ ಇಲ್ಲ, ಚೆಂಡಿನ ಜೊತೆಗೇ ನಡೆದುಕೊಂಡು ಒಳಗೆ ಹೋದ.

ಮಾದಪ್ಪ ಕೂಗಿದ ಮೇಲೆ ಎಂದಿನಂತೆ ಬಯಲಿಗೆ ಬೆನ್ನು ಹಾಕಿ, ಹೊಳೆಯ ಕಡೆ ಮುಖ ಮಾಡಿ ನಿಂತಿದ್ದನಂತೆ. ಬಯಲೇ ಹೋ ಎಂದು ಕೂಗಿದಾಗ, ಅದು ನಾವು ಹಾಕಿದ ಗೋಲೆಂದೇ ತಿಳಿದ. ತಿರುಗಿ, ತಲೆಯ ರುಮಾಲು ಬಿಚ್ಚಿ ಗಾಳಿಗೆ ಬೀಸುತ್ತ ಕುಣಿದ. ಬೀಸುತ್ತ ಬೀಸುತ್ತಲೇ ಅವನ ಕಣ್ಣು ನಮ್ಮ ಗೋಲಿನ ಹತ್ತಿರ ಮೊಣಕಾಲೂರಿ ಕೂತಿದ್ದ ನನ್ನ ಮೇಲೆ ಬಿತ್ತು. ರುಮಾಲು ಕೈಯಲ್ಲೇ ಉಳಿಯಿತು. ಅದನ್ನು ಮತ್ತೆ ಸುತ್ತಿಕೊಳ್ಳಲು ಅವನಿಗೆ ತೋಚಲೇ ಇಲ್ಲ. ಬರಿದಲೆಯಲ್ಲೇ ಗಾಡಿ ಹತ್ತಿದ.

ಹೋಗುವಾಗ ಹಾಡಿಕೊಂಡು ಹೋದ ಗಾಡಿಗಳಲ್ಲಿ, ಬರುವಾಗ ಅರ್ಧ ದಾರಿಯವರೆಗೆ ಉಸಿರಿಲ್ಲ. ಆಮೇಲೆ ಎಲ್ಲಿಂದಲೋ ಒಂದು ಧ್ವನಿ, "ಗೋಲು ಬಿಟ್ಟು ಹೋಗಬಾರದಾಗಿತ್ತು" ಎಂದಿತು. ಅಲ್ಲಿಂದ ಶುರುವಾಯಿತು. ಎತ್ತು ಬಿಚ್ಚಿದಲ್ಲಿ, ನೀರು ಕುಡಿಸಿದಲ್ಲಿ, ಊರು ಮುಟ್ಟಿದ ಮೇಲೆ ಘಟ್ಟದ ಮೆಟ್ಟಿಲಿನಲ್ಲಿ, ಕಾಫಿ ಹೋಟೆಲಿನಲ್ಲಿ, ಎಲ್ಲೆಲ್ಲೂ ಅದೇ. ಊರು ಎರಡಾಯಿತು.

ದೇವಸ್ಥಾನದ ದೀಕ್ಷಿತರು ಒಂದು ಪಕ್ಷ. "ಕೈಯಲ್ಲಿ ಅರ್ಧ ಕಪ್ಪು ಇತ್ತಪ್ಪ. ಅದನ್ನ ಬಿಸಾಕಿ ಇಡೀ ಕಪ್ಪಿಗೆ ಕೈ ಚಾಚೋದು ದುರಾಶೆ. ಮನೆ ಬಾಗಿಲು ತೆಗೆದಿಟ್ಟು ಪಕ್ಕದ ಮನೆಗೆ ಕನ್ನ ಹಾಕೋದಕ್ಕೆ ಹೋದ ಹಾಗೆ."

ಬೆಲ್ಲದ ಮಂಡಿಯ ಶೆಟ್ಟರು ಇನ್ನೊಂದು ಪಕ್ಷ. "ಅರ್ಧಕ್ಕೆ ಆಡಕ್ಕೆ ಅಷ್ಟು ದೂರ ಗಾಡಿ ಕಟ್ಟಬೇಕಿತ್ತಾ ಸ್ವಾಮಿ? ಆ ತಲೆ ಊರಲ್ಲಿ ಇನ್ಯಾರಿಗಿದೆ? ಚೆಂಡು ತಾಗಿದ್ದು ಅವನ ಹಣೆಗೇ ತಾನೆ? ಒಂದು ಬೆರಳು ಕೆಳಗೆ ಹೋಗಿದ್ದರೆ ನೀವೇ ಅವನಿಗೆ ಹಾರ ಹಾಕ್ತಿದ್ರಿ."

"ಹೋಗಲಿಲ್ಲವಲ್ಲ!"

"ಹೋಗಿದ್ರೆ?"

ಈ ಎರಡು ಮಾತಿನ ಆಚೆಗೆ ಆ ವಾದ ಎಂದೂ ಹೋಗಲಿಲ್ಲ. ಆದರೂ ವರ್ಷಗಟ್ಟಲೆ ನಡೆಯಿತು.

ಇದಕ್ಕಿಂತ ದೊಡ್ಡ ಪ್ರಶ್ನೆ, ಅವನನ್ನು ಕರೆದವರು ಯಾರು ಎಂಬುದು. ಶೇಷಗಿರಿ ಮೇಷ್ಟ್ರು ನೇರವಾಗಿ, "ಕ್ಯಾಪ್ಟನ್ ನಾನು. ಕೈ ಎತ್ತಿ ಕರೆದವನು ನಾನು. ಬೈಯೋದಾದರೆ ನನ್ನನ್ನ ಬೈಯಿರಿ" ಎಂದರು. ಮಾದಪ್ಪ ಮಾರನೆಯ ದಿನ ಕಚೇರಿಯಲ್ಲಿ ನನ್ನನ್ನು ಪಕ್ಕಕ್ಕೆ ಕರೆದು, "ಮೇಷ್ಟ್ರು ದೊಡ್ ಮನ್ಸ ಕಣ್ ಸ್ವಾಮಿ. ಕೈ ಎತ್ತಿದ್ದು ಅಣೆ ಬೆವ್ರು ಒರ್ಸಕ್ಕೆ. ಕರ್ದೋನು ನಾನು. ನನ್ ಬಾಯಿ" ಎಂದ.

ಈ ಗದ್ದಲ ಅಮಲ್ದಾರರ ಕಿವಿಗೂ ಬಿತ್ತು. ಅವರು ತಮಾಷೆಯ ಮನುಷ್ಯ. ಒಂದು ಸಂಜೆ ಕಚೇರಿಯ ಕೆಲಸ ಮುಗಿದ ಮೇಲೆ ಜಗಲಿಯಲ್ಲಿ ಕುರ್ಚಿ ಹಾಕಿಸಿ, ಮೂವರನ್ನೂ ಕರೆಸಿದರು. ಊರಿನ ಅರ್ಧ ಜನ ಅಲ್ಲಿದ್ದರು. ಮೇಷ್ಟ್ರು ತಮ್ಮ ಮಾತು ಹೇಳಿದರು. ಮಾದಪ್ಪ ತನ್ನದು ಹೇಳಿದ. ಅಮಲ್ದಾರರು ಕೆಂಪಣ್ಣನ ಕಡೆ ತಿರುಗಿ, "ನೀನು ಹೇಳಪ್ಪ. ಯಾರ ಮಾತು ಕೇಳಿ ಹೋದೆ?" ಎಂದರು.

ಕೆಂಪಣ್ಣ ನೆಲ ನೋಡುತ್ತ ನಿಂತ. ಮಾದಪ್ಪ ಅವನನ್ನೇ ನೋಡುತ್ತಿದ್ದ. ಕಣ್ಣಿನಲ್ಲೇ ಬೇಡುತ್ತಿದ್ದ ಎಂದರೂ ಸರಿಯೇ.

"ಯಾರೂ ಕರೀನಿಲ್ಲ ಬುದ್ಧಿ. ನಾನೇ ಓದೆ" ಎಂದ ಕೆಂಪಣ್ಣ.

ಅಮಲ್ದಾರರು ನಕ್ಕುಬಿಟ್ಟರು. "ತಪ್ಪು ನನ್ನದು ಅನ್ನೋರು ಒಂದೇ ದಿನ ಮೂರು ಜನ ಈ ಕಚೇರಿಗೆ ಯಾವತ್ತೂ ಬಂದಿರಲಿಲ್ಲ. ಹೋಗಿ, ಎಲ್ಲರನ್ನೂ ಬಿಟ್ಟಿದ್ದೇನೆ" ಎಂದರು. ಜನವೆಲ್ಲ ನಗುತ್ತ ಚದುರಿದರು. ಅವರು ಬಿಟ್ಟರು ನಿಜ. ಊರು ಬಿಡಲಿಲ್ಲ. ಅವನೇ ಒಪ್ಪಿಕೊಂಡನಲ್ಲ ಎಂದು ಭಾರವನ್ನೆಲ್ಲ ಕೆಂಪಣ್ಣನ ಮೇಲೆ ಹೊರಿಸಿ ಹಗುರವಾಯಿತು.

ಅವನು ಬಾಳೆಗೊನೆ ಹೊತ್ತು ಪೇಟೆಗೆ ಬಂದರೆ, "ಏನಪ್ಪ ಕೆಂಪಣ್ಣ, ಮನೆ ಬಾಗಿಲು ಹಾಕ್ಕೊಂಡು ಬಂದಿದ್ದೀಯೋ ಇಲ್ಲವೋ?" ಎಂದು ಕೇಳುವರು. ಕೆಟ್ಟ ಬುದ್ಧಿಯಿಂದ ಕೇಳುತ್ತಿದ್ದರೆಂದು ನನಗನಿಸುವುದಿಲ್ಲ. ಒಬ್ಬೊಬ್ಬರೂ ಒಂದೊಂದು ಸಲ ಕೇಳಿ ನಗುತ್ತಿದ್ದರು. ಕೇಳಿಸಿಕೊಳ್ಳುವವನು ಒಬ್ಬನೇ. ಕೆಲವು ತಿಂಗಳಾದ ಮೇಲೆ ಅವನು ಪೇಟೆಗೆ ಬರುವುದನ್ನೇ ಬಿಟ್ಟ. ಗೊನೆಗಳು ಬೇರೆಯವರ ತಲೆಯ ಮೇಲೆ ಬಂದವು. ಬಯಲಿಗೆ ಕರೆಯಲು ಶೇಷಗಿರಿ ಮೇಷ್ಟ್ರು ಎರಡು ಸಲ ಅವನ ಊರಿಗೆ ಹೋಗಿ ಬಂದರು. "ತೋಟದಲ್ಲಿ ಕೆಲ್ಸ ಐತೆ ಮೇಷ್ಟ್ರೇ" ಎಂದನಂತೆ.

ಮಾದಪ್ಪನ ಪಾಡು ಅಲ್ಲಿಂದ ಶುರುವಾಯಿತು. ಹೋಟೆಲಿನಲ್ಲಿ, ಸಂತೆಯಲ್ಲಿ, ಸಿಕ್ಕಿದವರನ್ನೆಲ್ಲ ಹಿಡಿದು ನಿಲ್ಲಿಸಿ, "ಅವ್ನದಲ್ಲ ಕಣ್ರಪ್ಪ ತಪ್ಪು, ನಂದು. ನಾನ್ ಕೂಗ್ದೆ. ಮೂರ್ ಸಲ ಕೂಗ್ದೆ, ನೀವೇ ಕೇಳಿಲ್ವಾ?" ಎನ್ನುತ್ತಿದ್ದ. ಜನ ಇನ್ನೂ ಜೋರಾಗಿ ನಗುತ್ತಿದ್ದರು. "ದಡದಲ್ಲಿ ನಿಂತೋನು ಕೂಗ್ದ ಅಂತ ಆಡೋನು ಎದ್ದು ಓಯ್ತಾನಾ? ನಿನ್ ಕೂಗ್ಗೆ ಅಷ್ಟು ಬೆಲೆ ಇದ್ದಿದ್ರೆ ನಾವ್ ಯಾವತ್ತೋ ಗೆಲ್ತಿದ್ದೋ ಓಗಯ್ಯ" ಎಂದು ಮಂಡಿಯ ಹಮಾಲಿಯೊಬ್ಬ ಅವನ ಬೆನ್ನು ತಟ್ಟಿದ್ದನ್ನು ನಾನೇ ನೋಡಿದೆ. ಬೈಸಿಕೊಳ್ಳಲು ಹೊರಟವನನ್ನು ಬೈಯುವವರೇ ಇರಲಿಲ್ಲ.

ಒಂದು ಮಧ್ಯಾಹ್ನ ಜಗಲಿಯಲ್ಲಿ ನನ್ನ ಪಕ್ಕ ಕೂತು, "ನೀವು ಅತ್ರ ಇದ್ರಲ್ಲ ಸ್ವಾಮಿ. ಅಂವ ನನ್ ಕೂಗ್ಗೇ ಓಡಿದ್ದು ಅಲ್ವಾ?" ಎಂದು ಕೇಳಿದ.

ನಾನು ಕಂಡದ್ದು ಇಷ್ಟೆ. ಕೂಗು ಕೇಳಿಸಿತು, ತಿರುಗಿದೆ, ಅವನು ಆಗಲೇ ಓಡುತ್ತಿದ್ದ. ಕೂಗಿಗೆ ಮುಂಚೆಯೇ ಹೊರಟಿದ್ದನೋ, ಕೂಗಿದ ಮೇಲೋ, ನನಗೆ ಗೊತ್ತಿರಲಿಲ್ಲ. ಹಾಗೆಯೇ ಹೇಳಿದೆ.

"ನಿಮ್ಗೂ ಗೊತ್ತಿಲ್ಲ" ಎಂದ ಮಾದಪ್ಪ. "ಅವ್ನು ಯೋಳಕ್ಕಿಲ್ಲ. ನಾನ್ ಯೋಳುದ್ರೆ ಯಾರೂ ನಂಬಕ್ಕಿಲ್ಲ. ನಾನೇನ್ ಮಾಡ್ಲಿ?"

ಒಳಗಿನಿಂದ ಅಮಲ್ದಾರರು ಗಂಟೆ ಬಾರಿಸಿದರು. ನಾನು ಮುಂದಿನ ಹೆಸರನ್ನು ಅವನ ಕಿವಿಗೆ ಹೇಳಿದೆ. ಅವನು ಎದ್ದು ಹೋಗಿ ಕೂಗಿದ. ಕೂಗೇನೋ ಹಿಂದಿನದೇ. ಆದರೆ ಆ ವರ್ಷದಿಂದ ಆಟದ ದಿನ ಬಯಲಿನ ಹತ್ತಿರಕ್ಕೂ ಅವನು ಬರಲಿಲ್ಲ.

ಮುಂದೆ ನನಗೆ ನರಸೀಪುರದ ಕಚೇರಿಗೇ ವರ್ಗವಾಯಿತು. ಗುಂಜಾ ನರಸಿಂಹನ ಗುಡಿಯ ಬೀದಿಯಲ್ಲಿ ಮನೆ ಹಿಡಿದೆ. ಹೊಳೆ ದಾಟಬೇಕಾದಾಗಲೆಲ್ಲ ನಿಂಗಯ್ಯನ ದೋಣಿ. ಮೊದಮೊದಲು ಇಬ್ಬರೂ ಹಳೆಯ ಮಾತು ಎತ್ತಲಿಲ್ಲ. ಒಂದು ದಿನ ದೋಣಿಯಲ್ಲಿ ನಾನೊಬ್ಬನೇ ಇದ್ದೆ. ನಡುನೀರಿನಲ್ಲಿ ಅವನೇ ಶುರುಮಾಡಿದ.

"ಆವತ್ತು ನಾನ್ ಅಲ್ಲಿ ನಿಂತಿದ್ನಲ್ಲ ಸ್ವಾಮಿ, ನಡ್ಗೆರೇಲಿ. ಅದ್ಕೆ ನಮ್ಮೋರೆಲ್ಲ ಉಗೀತಾ ಇದ್ರು. ಎಲ್ಲಾರೂ ಇಂದಕ್ಕೆ ಬಂದು ಗೋಲು ಕಾಯ್ತಾವ್ರೆ, ಇಂವ ಒಬ್ಬ ಅಲ್ಲಿ ಮೆರೀತಾವ್ನೆ ಅಂತ. ನಿಮ್ಮೋನ್ ಗೋಲು ಬಿದ್ದಿದ್ರೆ ನಾನ್ ಊರ್ ಬುಡ್ಬೇಕಿತ್ತು."

"ಬೀಳಲಿಲ್ಲವಲ್ಲ."

ನಿಂಗಯ್ಯ ದೋಣಿ ನೂಕುವ ಜಲ್ಲೆ ಊರುವುದನ್ನು ನಿಲ್ಲಿಸಿದ. "ಬೀಳ್ಬೇಕಿತ್ತು. ನಮ್ ಗೋಲಿನ ಅಡ್ಡ ಬೊಂಬು ಬಿಸ್ಲಿಗೆ ನಡುವ್ಕೆ ಜೋತು ಬಿದ್ದಿತ್ತು. ಬೆಳಿಗ್ಗೇನೇ ನೋಡಿದ್ದೋ. ಬದ್ಲಾಯ್ಸನ ಅಂದ್ಕೊಂಡು ಮರ್ತೋ. ಅದು ನೆಟ್ಗಿದ್ದಿದ್ರೆ ಚೆಂಡು ಅಡೀಲೇ ನುಗ್ಗಿಬುಡ್ತಿತ್ತು. ನಮ್ಮೂರಲ್ಲಿ ಆಡ್ದೋರ್ಗೆಲ್ಲ ಗೊತ್ತು. ಆ ಕರೆ ಸರಿಯಾದ ಕರೇನೇ. ನಮ್ಗೆ ಬೊಂಬು ಕಾಯ್ತು, ಅಷ್ಟೇಯ."

ಇದನ್ನು ಮಾದಪ್ಪನಿಗೆ ಹೇಳಬೇಕು, ಕೆಂಪಣ್ಣನಿಗೆ ಹೇಳಬೇಕು ಎಂಬುದೊಂದೇ ತಲೆಯಲ್ಲಿ. ಆದರೆ ರಜೆ ಸಿಗಲಿಲ್ಲ. ಇಂದು ನಾಳೆ ಎನ್ನುವಷ್ಟರಲ್ಲಿ ಆ ಜ್ವರ ಬಂತು. ಯುದ್ಧ ಮುಗಿಯುತ್ತ ಬಂದ ವರ್ಷದ ಜ್ವರ. ಆ ಕಾಲವನ್ನು ಕಂಡವರಿಗೆ ಬೇರೆ ಹೇಳಬೇಕಾಗಿಲ್ಲ. ಬೆಳಿಗ್ಗೆ ಕಸಬರಿಕೆ ಹಿಡಿದಿದ್ದವಳು ಮೂರನೆಯ ದಿನ ಇರುತ್ತಿರಲಿಲ್ಲ. ಸಂಗಮದಲ್ಲಿ ಚಿತೆ ಆರುತ್ತಲೇ ಇರಲಿಲ್ಲ. ನಮ್ಮ ಮನೆಯಲ್ಲೂ ಎಲ್ಲರೂ ಮಲಗಿ, ನಾನೂ ಮಲಗಿ, ಹೇಗೋ ಎದ್ದೆವು.

ಕಾಲಿಗೆ ಸ್ವಲ್ಪ ಕಸುವು ಬಂದಾಗ, ಟಪಾಲಿನ ಕೆಲಸವೊಂದನ್ನು ನೆಪ ಮಾಡಿಕೊಂಡು ಗಾಡಿ ಕಟ್ಟಿಸಿ ನಂಜನಗೂಡಿಗೆ ಹೋದೆ. ಬೀದಿಯಲ್ಲಿ ಜನವಿಲ್ಲ. ಕಚೇರಿಯ ಹತ್ತಿರಕ್ಕೆ ಬರುವಾಗಲೇ ಮಾದಪ್ಪನ ಕೂಗು ಕೇಳಿಸಿತು. ಒಬ್ಬ ಕಕ್ಷಿಗಾರನ ಹೆಸರು, ಮೂರು ಸಲ. ಉತ್ತರವಿಲ್ಲ. ಇನ್ನೊಂದು ಹೆಸರು, ಮೂರು ಸಲ. ಅದಕ್ಕೂ ಇಲ್ಲ. ಒಳಗೆ ಯಾರೋ "ಮುಂದಿನದು" ಎಂದರು. ಅವನು ಮತ್ತೆ ಕೂಗಿದ. ಹೊಸ ಗುಮಾಸ್ತ ಹೆಸರು ಹೇಳುತ್ತಲೇ ಇದ್ದ. ಜಗಲಿಯ ಕೆಳಗೆ ಒಬ್ಬರೂ ಇರಲಿಲ್ಲ.

ನನ್ನನ್ನು ಕಂಡು ಇಳಿದು ಬಂದ. ಬಿಲ್ಲೆ ಮಾಸಿತ್ತು.

"ಬದ್ಕಿದ್ದೀರಲ್ಲ ಸ್ವಾಮಿ" ಎಂದು ಮುಟ್ಟಿ ನೋಡಿದ. ಹಿಂದೆಂದೂ ಅವನು ನನ್ನನ್ನು ಮುಟ್ಟಿರಲಿಲ್ಲ.

ನಾನು ಅಲ್ಲೇ ನಿಂತು ನಿಂಗಯ್ಯನ ಮಾತನ್ನೆಲ್ಲ ಹೇಳಿದೆ.

"ಬೊಂಬು ಜೋತಿತ್ತಾ?"

"ಹೂಂ."

"ಅಂಗಾರೆ ಅದು ಗೋಲು."

"ಗೋಲೇ ಮಾದಪ್ಪ. ಕರೆದದ್ದು ತಪ್ಪಲ್ಲ, ಅವನು ಹೋದದ್ದೂ ತಪ್ಪಲ್ಲ. ಬಾ, ಕೆಂಪಣ್ಣನಿಗೂ ಹೇಳಿ ಬರೋಣ."

ಅವನು ನನ್ನ ಮುಖವನ್ನೇ ನೋಡಿದ. "ಅಂವ ಓಗಿ ಒಂಬತ್ ದಿನ ಆಯ್ತು ಸ್ವಾಮಿ."

ಆಮೇಲೆ ಮಾದಪ್ಪ, "ಎಂಡ್ರು ಅವ್ಳೆ. ಆವಮ್ಮಂಗಾರಾ ಯೋಳನ ಬನ್ನಿ" ಎಂದ. ಕಚೇರಿಯಲ್ಲಿ ಅಪ್ಪಣೆಯನ್ನೂ ಕೇಳದೆ ಗಾಡಿ ಹತ್ತಿದ.

ದೇವರಸನಹಳ್ಳಿಯ ಆ ಮನೆಯ ಮುಂದೆ ಕೆಂಪಣ್ಣನ ಹೆಂಡತಿ ಪುಟ್ಟತಾಯಮ್ಮ ಗೋಡೆಗೊರಗಿ ಕೂತಿದ್ದಳು. ಅವಳೂ ಜ್ವರದಿಂದ ಎದ್ದವಳು, ಕೈಕಾಲು ಕಡ್ಡಿಯಾಗಿದ್ದವು. ಮಾದಪ್ಪ ದೂರದಲ್ಲಿ ಕುಕ್ಕರಗಾಲಲ್ಲಿ ಕೂತು, ತನ್ನ ಮನೆಯ ಪಿಸುದನಿಯಲ್ಲಿ ಎಲ್ಲವನ್ನೂ ಹೇಳಿದ. ಜೋತ ಬೊಂಬು, ತಾನು ಕರೆದದ್ದು, ಊರವರ ಮಾತು, ಕೆಂಪಣ್ಣನದೇನೂ ತಪ್ಪಿಲ್ಲವೆಂಬುದು. ಅವಳು ಕೇಳಿದಳು. ಎಷ್ಟು ಕೇಳಿಸಿಕೊಂಡಳೋ.

"ಅವ್ರು ಮನೇಲಿ ಆಟದ್ ಮಾತ ಒಂದ್ ದಿನಾನೂ ಆಡ್ನಿಲ್ಲ ಕಣಣ್ಣ" ಎಂದಳು. "ನಂಗೇನೂ ಗೊತ್ತಿಲ್ಲ."

ಮಾದಪ್ಪ ಮತ್ತೇನೋ ಹೇಳಲು ಬಾಯಿ ತೆರೆದ. ಅವಳು ತೋಟದ ಕಡೆ ನೋಡುತ್ತಿದ್ದಳು.

"ಇವತ್ತು ಕಾಲ್ವೆ ನೀರು ನಮ್ ಸರ್ದಿ. ಆಗ್ಲೇ ಬುಟ್ಬುಟ್ಟವ್ರೆ. ಪಾತಿಗೆ ತಿರುಗ್ಸೋರೇ ಇಲ್ಲ. ಬಾಳೆ ಒಣಗ್ತಾ ಅವೆ."

ಮಾದಪ್ಪ ಎದ್ದ. ಎದೆಯ ಪಟ್ಟಿಯನ್ನು ತಲೆಯ ಮೇಲಿಂದ ತೆಗೆದು ಬಿಲ್ಲೆಯ ಸಮೇತ ಅವರ ಜಗಲಿಯ ಮೇಲಿಟ್ಟ. ಮೂಲೆಯಲ್ಲಿದ್ದ ಗುದ್ದಲಿ ತೆಗೆದುಕೊಂಡು, ಪಂಚೆ ಎತ್ತಿ ಕಟ್ಟಿ ತೋಟಕ್ಕೆ ಇಳಿದ. ನಾನೂ ಬದುವಿನವರೆಗೆ ಹೋದೆ. ಜ್ವರದ ಕಾಲು, ಮುಂದಕ್ಕೆ ಬರಲಿಲ್ಲ.

"ನೀವ್ ಒರಡಿ ಸ್ವಾಮಿ. ಒತ್ತಾಯ್ತದೆ, ದೂರ ಓಗ್ಬೇಕು" ಎಂದ, ತಲೆ ಎತ್ತದೆ.

ನಾನು ನರಸೀಪುರಕ್ಕೆ ಮರಳಿದ ಎರಡನೆಯ ವಾರದಲ್ಲಿ ಟಪಾಲಿನ ಜೊತೆ ಸುದ್ದಿ ಬಂತು. ಮಾದಪ್ಪನಿಗೂ ಜ್ವರ ತಾಗಿ, ಎರಡೇ ದಿನ ಮಲಗಿದ್ದು ಹೋಗಿಬಿಟ್ಟನಂತೆ. ಯಾರಿಗೂ ಏನೂ ಮಾಡಲಾಗಲಿಲ್ಲ. ಆ ದಿನಗಳಲ್ಲಿ ಯಾರಿಗೆ ತಾನೆ ಏನು ಮಾಡಲಾಗುತ್ತಿತ್ತು?

ನಾನು ಅವನನ್ನು ಕೊನೆಯದಾಗಿ ಕಂಡದ್ದು ಆ ತೋಟದಲ್ಲೇ. ಗಾಡಿ ಬದುವಿನ ಪಕ್ಕ ಹಾದು ಹೋಗುವಾಗ, ಮೊಣಕಾಲುದ್ದ ಕೆಸರಿನಲ್ಲಿ ನಿಂತು, ಒಂದು ಪಾತಿಯ ಬಾಯಿ ಮುಚ್ಚಿ ಇನ್ನೊಂದರ ಬಾಯಿ ತೆಗೆಯುತ್ತಿದ್ದ. ನೀರು ಒಣಗಿದ ಬಾಳೆಯ ಬುಡಕ್ಕೆ ಮೆಲ್ಲಗೆ ಹರಿದು ಹೋಗುತ್ತಿತ್ತು. ಅದು ಬುಡ ಮುಟ್ಟುವವರೆಗೂ ಗುದ್ದಲಿಯ ಮೇಲೆ ಕೈಯೂರಿ ನೋಡುತ್ತ ನಿಂತು, ಆಮೇಲೆ ಮುಂದಿನ ಪಾತಿಗೆ ಹೋದ.